ಮನೆಯ ನಲ್ಲಿಯಿಂದ ಡ್ರಾಫ್ಟ್ ಬಿಯರ್ ಹಿಡಿಯುವುದು: ನಲ್ಲಿ ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಿ

ಮನೆಗೆ ಹೊಸದಾಗಿ ಕೆಗರೇಟರ್ ತಂದವರು, ಅಂದರೆ ಬಿಯರ್ ತುಂಬಿದ ಕೆಗ್ ಎಂಬ ಪೀಪಾಯಿಯನ್ನು ಒಳಗಿಟ್ಟು ಹೊರಗಿನ ನಲ್ಲಿಯಿಂದ ಹಿಡಿದುಕೊಳ್ಳುವಂಥ ಫ್ರಿಜ್ಜನ್ನು ಹೊಂದಿಸಿಕೊಂಡವರು, ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಗ್ಲಾಸಿನ ಮುಕ್ಕಾಲು ಭಾಗ ನೊರೆಯೇ ಬರುತ್ತಿದೆ, ನಲ್ಲಿ ಬದಲಿಸಬೇಕೇ? ಕೆಲವೊಮ್ಮೆ ಬದಲಿಸಬೇಕು, ಹೆಚ್ಚಿನ ಸಲ ಬೇಡ. ಇದನ್ನು ತೀರ್ಮಾನಿಸುವುದಕ್ಕೆ ನಲ್ಲಿಯ ಒಳಗೆ ಏನಿದೆ, ಬಿಯರ್ ಅದರೊಳಗೆ ಯಾವ ಜಾಗದಲ್ಲಿ ತಡೆದು ನಿಲ್ಲುತ್ತದೆ, ಹಿಡಿ ಎಳೆದಾಗ ಯಾವ ದಾರಿಯಲ್ಲಿ ಹೊರಬರುತ್ತದೆ ಎಂಬುದು ತಿಳಿದಿರಬೇಕು. ಕೆಗ್‌ನಿಂದ ಗ್ಲಾಸಿನವರೆಗಿನ ದಾರಿಯಲ್ಲಿ ನಲ್ಲಿಯ ಪಾಲು ಕೆಲವೇ ಅಂಗುಲ. ಆದರೂ ವಾರಗಟ್ಟಲೆ ಜತನದಿಂದ ತಯಾರಿಸಿದ ಬಿಯರ್ ಆ ಕೆಲವು ಅಂಗುಲಗಳಲ್ಲಿ ಕೆಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿಯಿಂದ ಹೆಚ್ಚು ದೂರವಿಲ್ಲದ ಊರೊಂದರಲ್ಲಿ. ಬಿಯರ್ ನಲ್ಲಿಗಳಿಗೆ ಹೆಸರಾದ ಪರ್ಲಿಕ್ ಕಂಪನಿ 1917ರಲ್ಲಿ ಶುರುವಾದದ್ದು ಅದೇ ಮಿಲ್ವಾಕಿಯಲ್ಲಿ. ಸ್ವಂತ ಬಳಕೆಗೆ ಬಿಯರ್ ತಯಾರಿಸುವುದಕ್ಕೆ ಇಲ್ಲಿ ಅಡ್ಡಿಯಿಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು, ಮಾರುವ ಉದ್ದೇಶವಿಲ್ಲದಿದ್ದರೆ, ಕೇಂದ್ರ ತೆರಿಗೆ ಕಟ್ಟದೆ ತಯಾರಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಈ ಅನುಕೂಲವಿಲ್ಲ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿರುವ ಕೈಕೆಲಸದ ಮಾತುಗಳು ಮುಖ್ಯವಾಗಿ ಹೊರದೇಶದಲ್ಲಿರುವ ಕನ್ನಡಿಗರಿಗೆ. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಕೌಂಟರಿನ ಮುಂದೆ ಕೂತು ಗ್ಲಾಸು ತುಂಬುವುದನ್ನು ನೋಡುವವರಿಗೆ ನಲ್ಲಿಯ ವಿಚಾರವಷ್ಟೇ ಉಪಯೋಗಕ್ಕೆ ಬಂದೀತು.

ನಲ್ಲಿಯನ್ನು ದೂರುವ ಮೊದಲು

ಬಿಯರ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ಕೂತಿರುವುದು ಎರಡು ಕಾರಣಗಳಿಂದ: ತಂಪು ಮತ್ತು ಒತ್ತಡ. ಬಿಯರ್ ಸುಮಾರು 3.3 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು, ಸಿಲಿಂಡರಿನ ಅನಿಲದ ಒತ್ತಡವನ್ನು ಹದಗೊಳಿಸುವ ರೆಗ್ಯುಲೇಟರ್‌ನ ಮುಳ್ಳು 11ರಿಂದ 12 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತೋರಿಸುತ್ತಿದ್ದರೆ, ಒಂದು ಲೀಟರ್ ಬಿಯರ್‌ನಲ್ಲಿ ಸುಮಾರು ಎರಡೂವರೆ ಲೀಟರ್‌ನಷ್ಟು ಅನಿಲ ಕರಗಿ ನಿಂತಿರುತ್ತದೆ. ಏಲ್ ಮತ್ತು ಲಾಗರ್ ಎಂಬ ಸಾಮಾನ್ಯ ಬಗೆಯ ಬಿಯರ್‌ಗಳಿಗೆ ಇದು ಸರಿಯಾದ ಪ್ರಮಾಣ. ಬಿಯರ್ ಗ್ಲಾಸಿಗೆ ಬೀಳುವ ಹೊತ್ತಿಗೆ ಈ ಒತ್ತಡವೆಲ್ಲ ಇಳಿದುಹೋಗಿರಲೇಬೇಕು. ಅದು ಕೊಳವೆಯುದ್ದಕ್ಕೂ ಮೆಲ್ಲಗೆ ಇಳಿದರೆ ಅನಿಲ ಬಿಯರ್‌ನೊಳಗೇ ಉಳಿಯುತ್ತದೆ, ಒಂದೇ ಕಡೆ ದಿಢೀರನೆ ಇಳಿದರೆ ಅನಿಲ ಅಲ್ಲೇ ಹೊರಚಿಮ್ಮಿ ನೊರೆಯಾಗುತ್ತದೆ. ಹೀಗಾಗಿ ನಲ್ಲಿಯ ಹಿಂದಿನ ಕೊಳವೆ ತನ್ನ ಕೆಲಸ ಮಾಡದಿದ್ದರೆ ಎಷ್ಟು ಬೆಲೆಬಾಳುವ ನಲ್ಲಿ ಹಾಕಿದರೂ ಫಲವಿಲ್ಲ.

ಅಮೆರಿಕದಲ್ಲಿ ಮನೆಬಳಕೆಗೆ ಹೆಚ್ಚಾಗಿ ಸಿಗುವುದು ಒಳವ್ಯಾಸ 3/16 ಅಂಗುಲ, ಅಂದರೆ ಸುಮಾರು 4.8 ಮಿಲಿಮೀಟರ್ ಇರುವ ವಿನೈಲ್ ಕೊಳವೆ. ಬಾರ್‌ಗಳಿಗೆ ಲೈನ್, ಅಂದರೆ ಬಿಯರ್ ಕೊಳವೆ, ಹಾಕುವವರು ಈ ಕೊಳವೆಯ ಪ್ರತಿ ಅಡಿಗೆ 3 ಪಿಎಸ್‌ಐ ತಡೆ ಎಂದು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕವನ್ನೇ ಮನೆಯಲ್ಲಿ ಅನುಸರಿಸಿದರೆ ನಾಲ್ಕು ಅಡಿ ಕೊಳವೆ ಸಾಕೆನಿಸುತ್ತದೆ, ಕೆಗರೇಟರ್‌ಗಳ ಜೊತೆಗೂ ಬಹಳ ಸಲ ಅಷ್ಟೇ ಉದ್ದ ಬರುತ್ತದೆ. ನನ್ನ ಅನುಭವದಲ್ಲಿ ಮನೆಗೆ ಅದು ಸಾಲದು; ಹತ್ತು ಅಡಿಯಿಂದ, ಅಂದರೆ ಮೂರು ಮೀಟರಿನಿಂದ ಶುರುಮಾಡಿ, ಹರಿವು ತೀರಾ ನಿಧಾನವೆನಿಸಿದರೆ ಅರ್ಧರ್ಧ ಅಡಿ ಕತ್ತರಿಸುತ್ತ ಬರುವುದು ಕ್ಷೇಮ. ಉದ್ದವಿದ್ದದ್ದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಬೆಳೆಸಲಾಗದು. ಸರಿಯಾದ ಹರಿವು ಸೆಕೆಂಡಿಗೆ ಸುಮಾರು 60 ಮಿಲಿಲೀಟರ್. ಅಡುಗೆಮನೆಯ ಅಳತೆಯ ಜಗ್ಗನ್ನು ನಲ್ಲಿಗೆ ಹಿಡಿದು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಅರ್ಧ ಲೀಟರ್ ತುಂಬುವುದಕ್ಕೆ ಎಂಟರಿಂದ ಹತ್ತು ಸೆಕೆಂಡು ಹಿಡಿದರೆ ಕೊಳವೆಯ ಉದ್ದ ಸರಿಯಿದೆ ಎಂದು ತಿಳಿಯಬಹುದು. ನಾಲ್ಕೇ ಸೆಕೆಂಡಿನಲ್ಲಿ ಜಗ್ಗು ತುಂಬಿದರೆ ತಪ್ಪು ಕೊಳವೆಯದೋ ಒತ್ತಡದ್ದೋ ಆಗಿರುತ್ತದೆ.

ಇನ್ನೊಂದು ಪರೀಕ್ಷೆಯನ್ನು ನಲ್ಲಿ ಕೊಳ್ಳುವ ಮುಂಚೆ ತಪ್ಪದೆ ಮಾಡಬೇಕು. ಕೆಲವು ಗಂಟೆ ನಲ್ಲಿಯನ್ನು ಮುಟ್ಟದೆ ಬಿಟ್ಟು, ಆಮೇಲೆ ಒಂದರ ಹಿಂದೊಂದರಂತೆ ಮೂರು ಗ್ಲಾಸು ಹಿಡಿಯಿರಿ. ಮೊದಲನೆಯದು ಮಾತ್ರ ನೊರೆಯಾಗಿ ಉಳಿದೆರಡು ಚೆನ್ನಾಗಿ ಬಂದರೆ, ನಲ್ಲಿ ಮತ್ತು ಅದನ್ನು ಕೂರಿಸಿರುವ ಗೋಪುರ, ಅಂದರೆ ಫ್ರಿಜ್ಜಿನ ಮೇಲೆ ನಿಲ್ಲಿಸಿದ ಟೊಳ್ಳು ಕಂಬ, ಬೆಚ್ಚಗಿವೆ ಎಂದರ್ಥ. ಮೂರೂ ನೊರೆಯಾದರೆ ಕೊಳವೆ ಗಿಡ್ಡವಿದೆ, ಒತ್ತಡ ಹೆಚ್ಚಿದೆ ಅಥವಾ ಬಿಯರ್ ನೀವೆಣಿಸಿದಷ್ಟು ತಣ್ಣಗಿಲ್ಲ. ಎರಡನೆಯ ಗ್ಲಾಸಿಗೆ ಥರ್ಮಾಮೀಟರ್ ಅದ್ದಿದರೆ ಇದು ತಿಳಿಯುತ್ತದೆ. ಫ್ರಿಜ್ಜಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬಾರದು. ನೊರೆ ಉಗುಳಿದಂತೆ ಬಿಟ್ಟುಬಿಟ್ಟು ಬರುತ್ತಿದ್ದರೆ ಕೊಳವೆಯನ್ನೇ ಬೆಳಕಿಗೆ ಹಿಡಿದು ನೋಡಿ, ಅದರೊಳಗೆ ಗುಳ್ಳೆಗಳು ನಿಂತಿರುತ್ತವೆ.

ಹಿಂದೆ ಮುಚ್ಚುವ ನಲ್ಲಿ

ಅಮೆರಿಕದ ಬಾರ್‌ಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ, ಅಗ್ಗದ ಕೆಗರೇಟರ್‌ಗಳ ಜೊತೆ ಬರುವ ನಲ್ಲಿ ಹಿಂದೆ ಮುಚ್ಚುವ ಜಾತಿಯದು. ಇದು ಕೆಲಸ ಮಾಡುವ ಬಗೆ ಗೋಲಿ ಸೋಡಾ ಕುಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಸೋಡಾ ಬಾಟಲಿಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ, ಹೆಬ್ಬೆರಳಿನಿಂದ ಗೋಲಿಯನ್ನು ಒಳಕ್ಕೆ ತಳ್ಳಿದಾಗ ಬಾಯಿ ತೆರೆಯುತ್ತದೆ. ಈ ನಲ್ಲಿಯಲ್ಲಿ ಗೋಲಿಯ ಜಾಗದಲ್ಲಿ ವಾಶರ್ ತೊಟ್ಟ ಒಂದು ಸಣ್ಣ ಕಡ್ಡಿಯಿದೆ. ಮೇಲಿನ ಹಿಡಿಯನ್ನು ನಮ್ಮ ಕಡೆಗೆ ಎಳೆದಾಗ ಅದರ ಕೆಳತುದಿ ಹಿಂದಕ್ಕೆ ಸರಿದು ಕಡ್ಡಿಯನ್ನು ಬಿಯರ್‌ನ ಒತ್ತಡಕ್ಕೆ ಎದುರಾಗಿ ತಳ್ಳುತ್ತದೆ, ವಾಶರ್ ತನ್ನ ಪೀಠದಿಂದ ಏಳುತ್ತದೆ, ಬಿಯರ್ ಹರಿಯುತ್ತದೆ. ಹಿಡಿ ಬಿಟ್ಟು ಮುಚ್ಚಿದಾಗ ಬಿಯರ್‌ನ ಒತ್ತಡವೇ ವಾಶರನ್ನು ಮತ್ತೆ ಪೀಠಕ್ಕೆ ಕೂರಿಸುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸರಳ, ಗಟ್ಟಿಮುಟ್ಟು. ತೊಡಕಿರುವುದು ಆ ಪೀಠ ನಲ್ಲಿಯ ಹಿಂಬದಿಯಲ್ಲಿ, ಕೊಳವೆ ಸೇರುವ ಕಡೆಯಲ್ಲಿ ಇರುವುದರಲ್ಲಿ. ಮುಚ್ಚಿದ ಮೇಲೆ ಪೀಠದಿಂದ ಮೂತಿಯವರೆಗಿನ ಒಡಲೆಲ್ಲ ಖಾಲಿಯಾಗುತ್ತದೆ. ಬೇಗ ಬಸಿದು ಹೋಗಲೆಂದೇ ಅದರಲ್ಲಿ ಗಾಳಿಕಿಂಡಿಗಳನ್ನೂ ಕೊರೆದಿರುತ್ತಾರೆ. ಬಿಯರ್ ಬಸಿದು ಹೋದರೂ ಅದರ ತೆಳುಪದರವೊಂದು ಒಳಗೋಡೆಗೆ, ಕಡ್ಡಿಗೆ, ಹಿಡಿಯ ಕೀಲಿಗೆ ಅಂಟಿಕೊಂಡೇ ಇರುತ್ತದೆ. ಅದರಲ್ಲಿ ಸಕ್ಕರೆಯ ಅಂಶವಿದೆ, ಮೇಲೆ ಗಾಳಿಯಾಡುತ್ತಿದೆ, ಕೋಣೆಯ ಬಿಸುಪಿದೆ. ಮದ್ಯಸಾರವನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬದುಕಲು ಗಾಳಿ ಬೇಕು. ಕೆಗ್‌ನೊಳಗೆ ಅವಕ್ಕೆ ಗಾಳಿ ಸಿಗುವುದಿಲ್ಲ, ಈ ಒಡಲಿನಲ್ಲಿ ಧಾರಾಳವಾಗಿ ಸಿಗುತ್ತದೆ. ದಿನವಿಡೀ ಬಿಯರ್ ಹರಿಯುವ ಬಾರಿನಲ್ಲಿ ಆ ಪದರ ಒಣಗುವುದಕ್ಕೆ ಪುರಸೊತ್ತಿರುವುದಿಲ್ಲ. ಮನೆಯಲ್ಲಿ ಹಾಗಲ್ಲ: ಶನಿವಾರ ಎರಡು ಗ್ಲಾಸು ಹಿಡಿದರೆ ಮತ್ತೆ ಹಿಡಿ ಮುಟ್ಟುವುದು ಬುಧವಾರ.

ನನ್ನ ಮೊದಲ ಕೆಗರೇಟರ್‌ಗೆ ಇದ್ದದ್ದು ಇಂಥದೇ ನಲ್ಲಿ. ಮೂರು ವಾರ ಮೈಸೂರಿಗೆ ಹೋಗಿ ಬಂದು ಹಿಡಿ ಎಳೆದರೆ ಅದು ಅಲುಗಲೇ ಇಲ್ಲ, ಬೆಲ್ಲದ ಪಾಕ ಆರಿ ಗಟ್ಟಿಯಾದಂತೆ ಕೀಲು ಕಚ್ಚಿಕೊಂಡಿತ್ತು. ಜೋರು ಮಾಡಿದ್ದರೆ ಹಿಡಿಯ ತಿರುಪಿನ ಮರೆಯೇ ಕಿತ್ತುಬರುತ್ತಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಎರಡು ಸಲ ಬಟ್ಟೆ ಬದಲಿಸಿ, ಹತ್ತು ನಿಮಿಷ ಕಾದ ಮೇಲೆ ಅಂಟು ಕರಗಿ ಹಿಡಿ ಸಡಿಲವಾಯಿತು. ನಿಮಗೂ ಹೀಗಾದರೆ ಇದೇ ಉಪಾಯ ಮಾಡಿ, ಇಕ್ಕಳ ಹಾಕಬೇಡಿ. ಬಿಚ್ಚಿ ನೋಡಿದಾಗ ಕಡ್ಡಿಯ ಮೇಲೆ ಕಂದು ಬಣ್ಣದ ಲೋಳೆ, ಮೂಗಿಗೆ ಹಿಡಿದರೆ ವಿನೆಗರ್ ವಾಸನೆ, ಮೂತಿಯ ಅಂಚಿನಲ್ಲಿ ಸತ್ತ ಹಣ್ಣುನೊಣಗಳೆರಡು. ಊರಿಗೆ ಹೋಗುವ ಮುಂಚಿನ ವಾರಗಳಲ್ಲಿ ಪ್ರತಿ ಮೊದಲ ಗ್ಲಾಸಿಗೂ ಇದ್ದ ಆ ಸಣ್ಣ ಹುಳಿ ಎಲ್ಲಿಂದ ಬರುತ್ತಿತ್ತೆಂಬುದು ಆಗ ತಿಳಿಯಿತು.

ಮುಂದೆ ಮುಚ್ಚುವ ನಲ್ಲಿ

ಮುಂದೆ ಮುಚ್ಚುವ ನಲ್ಲಿಯಲ್ಲಿ ಗೋಲಿ ಸೋಡಾದ ತತ್ವವೇ ಇದ್ದರೂ ಪೀಠ ಮೂತಿಯ ಹತ್ತಿರಕ್ಕೆ ಬಂದಿದೆ. ಹಿಡಿಯ ಕೆಳತುದಿ ಮುಂಭಾಗದಲ್ಲಿರುವ ರಬ್ಬರ್ ಉಂಗುರಕ್ಕೆ ನೇರವಾಗಿ ಒತ್ತಿ ಕೂರುತ್ತದೆ. ಮುಚ್ಚಿದಾಗ ನಲ್ಲಿಯ ಒಡಲೆಲ್ಲ ಬಿಯರ್ ತುಂಬಿಕೊಂಡೇ ಇರುತ್ತದೆ, ಅಲ್ಲಿಗೆ ಗಾಳಿ ಹೋಗುವುದಿಲ್ಲ, ಆದ್ದರಿಂದ ಏನೂ ಒಣಗುವುದಿಲ್ಲ, ಕೀಲು ಅಂಟುವುದಿಲ್ಲ. ಗಾಳಿಗೆ ತೆರೆದುಕೊಂಡಿರುವುದು ಉಂಗುರದ ಮುಂದಿನ ಮೂತಿಯಷ್ಟೇ, ಅದನ್ನು ಒಂದು ಸಣ್ಣ ಬ್ರಷ್‌ನಿಂದ ಅರ್ಧ ನಿಮಿಷದಲ್ಲಿ ತೊಳೆಯಬಹುದು. ಪರ್ಲಿಕ್‌ನ 630 ಸರಣಿಯ ನಲ್ಲಿಗಳು ಈ ಜಾತಿಯವು. ಈಗ ಬೇರೆ ಕಂಪನಿಗಳೂ ಇದನ್ನು ತಯಾರಿಸುತ್ತವೆ. ವಾರಕ್ಕೆ ಎರಡೋ ಮೂರೋ ಸಲ ಮಾತ್ರ ಬಿಯರ್ ಹಿಡಿಯುವ ಮನೆಗೆ ನಾನು ಎರಡನೆಯ ಮಾತಿಲ್ಲದೆ ಹೇಳುವುದು ಇದನ್ನೇ.

ಆದರೆ ಇದಕ್ಕೂ ಒಂದು ಬೆಲೆಯಿದೆ. ಒಡಲಿನಲ್ಲಿ ನಿಂತ ಆ ಒಂದೆರಡು ಗುಟುಕು ಬಿಯರ್ ಫ್ರಿಜ್ಜಿನ ಹೊರಗಿದೆ, ಲೋಹದ ಗೋಡೆಯ ಮೂಲಕ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತ ಕೂತಿದೆ. ಬೇಸಿಗೆಯಲ್ಲಿ ನನ್ನ ಗ್ಯಾರೇಜು 27 ಡಿಗ್ರಿ ಮುಟ್ಟುತ್ತದೆ. ಆಗ ಮೊದಲ ಗ್ಲಾಸಿನ ಮೊದಲ ಚಿಮ್ಮು ಬರೀ ನೊರೆ. ಇದನ್ನು ನಲ್ಲಿಯ ದೋಷವೆಂದು ತಿಳಿದು ಹಲವರು ಹಿಂದಿರುಗಿಸುತ್ತಾರೆ. ದೋಷ ತಾಪದ್ದು. ಫ್ರಿಜ್ಜಿನ ಬಾಗಿಲಿಗೇ ನಲ್ಲಿ ಕೂರಿಸಿದ್ದರೆ, ಬಾಗಿಲ ಮೂಲಕ ಹಾದುಬರುವ ಶ್ಯಾಂಕ್ ಎಂಬ ಲೋಹದ ನಳಿಕೆಯ ಒಳತುದಿ ತಂಪಿನಲ್ಲೇ ಇರುವುದರಿಂದ ತೊಂದರೆ ಕಡಿಮೆ. ಫ್ರಿಜ್ಜಿನ ತಲೆಯ ಮೇಲೆ ಗೋಪುರ ನಿಲ್ಲಿಸಿದ್ದರೆ ಕಂಪ್ಯೂಟರ್‌ಗೆ ಹಾಕುವಂಥ 12 ವೋಲ್ಟಿನ ಸಣ್ಣ ಫ್ಯಾನನ್ನು ಒಳಗಿಟ್ಟು, ಅದರಿಂದ ಒಂದು ಮೆದು ಪೈಪಿನ ಮೂಲಕ ತಣ್ಣನೆಯ ಗಾಳಿಯನ್ನು ಗೋಪುರದ ನೆತ್ತಿಯವರೆಗೆ ಊದಿಸಬೇಕು. ಈ ಒಂದು ಏರ್ಪಾಡಿನಿಂದ ಉಳಿಯುವ ಬಿಯರ್ ದೊಡ್ಡದು. ಅದೂ ಆಗದಿದ್ದರೆ ಮೊದಲ ಎರಡು ಸೆಕೆಂಡಿನ ಹರಿವನ್ನು ಬೇರೆ ಸಣ್ಣ ಲೋಟಕ್ಕೆ ಹಿಡಿದು, ಕೂಡಲೇ ನಿಮ್ಮ ಗ್ಲಾಸನ್ನು ಒಡ್ಡಿ; ಅಷ್ಟರಲ್ಲಿ ನಲ್ಲಿಯ ಲೋಹ ತಣ್ಣಗಾಗಿರುತ್ತದೆ.

ಹಿಡಿಯನ್ನು ಪೂರ್ತಿ ಎಳೆಯಿರಿ

ಮನೆಗೆ ಬಂದ ನೆಂಟರು ಮಾಡುವ ತಪ್ಪು ಇದು, ಅವರಿಗೆ ಹೇಳಿಕೊಡಬೇಕಾದ ಮೊದಲ ಪಾಠವೂ ಇದೇ. ಗ್ಲಾಸು ತುಳುಕೀತೆಂಬ ಭಯದಿಂದ ಹಿಡಿಯನ್ನು ಅರ್ಧ ಎಳೆಯುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ಹೇಗೆ ಚಿಮ್ಮುತ್ತದೋ, ಅರ್ಧ ತೆರೆದ ವಾಶರ್ ಮತ್ತು ಪೀಠದ ನಡುವಿನ ಸಂದಿಯಲ್ಲಿ ಬಿಯರ್ ಹಾಗೆ ನುಗ್ಗುತ್ತದೆ. ವೇಗ ಏರುತ್ತದೆ, ಒತ್ತಡ ಒಂದೇ ಕಡೆ ಕುಸಿಯುತ್ತದೆ, ಕರಗಿದ ಅನಿಲ ಅಲ್ಲೇ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಹಿಡಿಯನ್ನು ಬುಡದಲ್ಲಿ ಹಿಡಿದು, ಒಂದೇ ಸಲಕ್ಕೆ, ಕೊನೆಯವರೆಗೆ ಎಳೆಯಬೇಕು. ಮುಚ್ಚುವಾಗಲೂ ಒಂದೇ ಸಲಕ್ಕೆ. ಹರಿವು ಜಾಸ್ತಿಯೆನಿಸಿದರೆ ಸರಿಪಡಿಸಬೇಕಾದದ್ದು ಕೊಳವೆಯ ಉದ್ದವನ್ನು.

ನಲ್ಲಿಯ ಒಳಮೈ ಎಷ್ಟು ನುಣುಪಾಗಿದೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಒಳಗೆ ಎರಕದ ಗಂಟು, ಹರಕು ಅಂಚು ಅಥವಾ ವರ್ಷಗಳಿಂದ ಕಟ್ಟಿಕೊಂಡ ಕ್ಯಾಲ್ಸಿಯಂ ಆಕ್ಸಲೇಟಿನ ಗರಣೆ ಇದ್ದರೆ ಪ್ರತಿಯೊಂದು ಉಬ್ಬೂ ಗುಳ್ಳೆ ಹುಟ್ಟುವ ತಾಣವಾಗುತ್ತದೆ. ಕೊಳ್ಳುವಾಗ ಮೂತಿಯ ಒಳಗೆ ಕಿರುಬೆರಳು ಆಡಿಸಿ ನೋಡುವುದು ನಾಚಿಕೆಯ ವಿಷಯವಲ್ಲ.

ಹರಿವನ್ನು ನಿಯಂತ್ರಿಸುವ ನಲ್ಲಿಯೆಂದು ಒಂದು ಬಗೆಯಿದೆ. ಇದರ ಪಕ್ಕದಲ್ಲಿ ಸಣ್ಣ ಸನ್ನೆಯೊಂದಿರುತ್ತದೆ, ಅದನ್ನು ಸರಿಸಿದಂತೆ ಒಳಗಿನ ಹಾದಿ ಕಿರಿದಾಗುತ್ತ ಹೋಗುತ್ತದೆ. ಅರ್ಧ ಎಳೆದ ಹಿಡಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳಬಹುದು. ಅರ್ಧ ಎಳೆದಾಗ ಬಿಯರ್ ಒಂದು ಚೂಪು ಸಂದಿಯನ್ನು ದಾಟುತ್ತದೆ. ಇಲ್ಲಿ ಹಾದಿ ಉದ್ದಕ್ಕೂ ಹದವಾಗಿ ಕಿರಿದಾಗುವುದರಿಂದ ಒತ್ತಡ ಮೆಲ್ಲಗೆ ಇಳಿಯುತ್ತದೆ. ಹೆಚ್ಚು ಅನಿಲವಿರುವ ಗೋಧಿ ಬಿಯರನ್ನೂ ಕಡಿಮೆ ಅನಿಲದ ಇಂಗ್ಲಿಷ್ ಏಲನ್ನೂ ಒಂದೇ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವವರಿಗೆ ಇದು ನಿಜವಾಗಿ ಅನುಕೂಲ. ಬಳಸುವ ಕ್ರಮವಿಷ್ಟೇ: ಸನ್ನೆಯನ್ನು ಮೊದಲು ಬಿಗಿ ಮಾಡಿಟ್ಟು, ಹಿಡಿಯನ್ನು ಪೂರ್ತಿ ಎಳೆದು, ಆಮೇಲೆ ಸನ್ನೆಯನ್ನು ಬೇಕಾದಷ್ಟು ಸಡಿಲಿಸಬೇಕು. ಒಂದೇ ಬಗೆಯ ಬಿಯರ್ ಇಡುವವರಿಗೆ ಇದರ ಅಗತ್ಯವಿಲ್ಲ. ಒಳಗೆ ಭಾಗಗಳು ಹೆಚ್ಚಿದಷ್ಟೂ ತೊಳೆಯುವ ಕೆಲಸ ಹೆಚ್ಚುತ್ತದೆ ಎಂಬುದನ್ನೂ ನೆನಪಿಡಿ.

ನೊರೆಯನ್ನು ಬೇಕೆಂದೇ ತರಿಸುವ ನಲ್ಲಿಗಳು

ಒತ್ತಡ ದಿಢೀರನೆ ಇಳಿದರೆ ನೊರೆ ಬರುತ್ತದೆಂಬ ಇದೇ ನಿಯಮವನ್ನು ಬೇಕೆಂದೇ ದುಡಿಸಿಕೊಂಡಿರುವುದು ಸ್ಟೌಟ್ ಎಂಬ ಕಪ್ಪು ಬಿಯರಿನ ನಲ್ಲಿ. ಸ್ಟೌಟ್ ತಯಾರಿಸುವ ಗಿನ್ನಿಸ್ ಕಂಪನಿಯಲ್ಲಿದ್ದ ಗಣಿತಜ್ಞ ಮೈಕೆಲ್ ಆಶ್ ಅವರ ಕೆಲಸದ ಫಲವಾಗಿ 1959ರಲ್ಲಿ ಸಾರಜನಕ ಬೆರೆಸಿದ ಡ್ರಾಫ್ಟ್ ಗಿನ್ನಿಸ್ ಬಂದಿತು. ಸಾರಜನಕ ಬಿಯರ್‌ನಲ್ಲಿ ಸುಲಭವಾಗಿ ಕರಗುವುದಿಲ್ಲ, ಹೀಗಾಗಿ ಮುಕ್ಕಾಲು ಪಾಲು ಸಾರಜನಕ, ಕಾಲು ಪಾಲು ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನು 30ರಿಂದ 35 ಪಿಎಸ್‌ಐ ಒತ್ತಡದಲ್ಲಿ ಕೊಡುತ್ತಾರೆ. ನಲ್ಲಿಯ ಉದ್ದ ಮೂತಿಯೊಳಗೆ ಸೂಜಿ ತೂರುವಷ್ಟು ಸಣ್ಣ ರಂಧ್ರಗಳಿರುವ ಒಂದು ಬಿಲ್ಲೆಯಿದೆ. ಬಿಯರ್ ಅದರ ಮೂಲಕ ಹಿಂಡಿಕೊಂಡು ಬರುವಾಗ ಅನಿಲವೆಲ್ಲ ಬಿಟ್ಟುಕೊಂಡು ಕೆನೆಯಂಥ ನುಣ್ಣನೆಯ ನೊರೆಯಾಗುತ್ತದೆ. ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ತುಂಬಿಸಿ, ಒಳಗಿನ ಅಲೆಗಳು ಇಳಿದು ಬಿಯರ್ ಕಪ್ಪಾಗುವವರೆಗೆ ಕಾದು, ಆಮೇಲೆ ತುಂಬಿಸಬೇಕು. ಈ ನಲ್ಲಿಯನ್ನು ಸಾಮಾನ್ಯ ಲಾಗರ್‌ಗೆ ಹಾಕಿದರೆ ಗ್ಲಾಸಿಡೀ ನೊರೆಯೇ ಸಿಗುತ್ತದೆ.

ಚೆಕ್ ದೇಶದವರ ದಾರಿ ಬೇರೆ, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಪಿಲ್ಸ್ನರ್ ಉರ್ಕ್ವೆಲ್ ಎಂಬ ಲಾಗರ್ 1842ರಲ್ಲಿ ಹುಟ್ಟಿದ ಪ್ಲೆಜೆನ್ ಊರಿನಲ್ಲೇ ಇರುವ ಲುಕರ್ ಕಂಪನಿಯ ನಲ್ಲಿಗಳಲ್ಲಿ ಹಿಡಿ ಪಕ್ಕಕ್ಕೆ ತಿರುಗುತ್ತದೆ, ಒಳಗೆ ವಾಶರಿನ ಬದಲು ತೂತು ಕೊರೆದ ಗುಂಡು ಇದೆ, ಮೂತಿಯಲ್ಲಿ ಲೋಹದ ಜಾಲರಿಯಿದೆ. ಸ್ವಲ್ಪವೇ ತಿರುಗಿಸಿದರೆ ಜಾಲರಿಯ ಮೂಲಕ ಒದ್ದೆಯಾದ, ದಟ್ಟವಾದ, ಹಾಲಿನಂಥ ನೊರೆ ಬರುತ್ತದೆ. ಪೂರ್ತಿ ತಿರುಗಿಸಿದರೆ ಬಿಯರ್ ಬರುತ್ತದೆ. ಅಂದರೆ ಮೇಲೆ ನಾನು ಅರ್ಧ ತೆರೆಯಬೇಡಿ ಎಂದದ್ದು ಈ ನಲ್ಲಿಗೆ ಅನ್ವಯಿಸುವುದಿಲ್ಲ, ಇದನ್ನು ಅರ್ಧ ತೆರೆಯಲೆಂದೇ ಮಾಡಿದ್ದಾರೆ. ತಣ್ಣೀರಿನಲ್ಲಿ ತೊಳೆದ ಒದ್ದೆ ಮಗ್ಗಿಗೆ ಮೊದಲು ನೊರೆ ಬಿಟ್ಟು, ಮೂತಿಯನ್ನು ಆ ನೊರೆಯೊಳಗೇ ಮುಳುಗಿಸಿ, ಅದರಡಿಯಿಂದ ಬಿಯರ್ ತುಂಬಿಸುತ್ತಾರೆ. ನೊರೆ ತೇಲುತ್ತ ಮೇಲೇರುತ್ತದೆ, ಗಾಳಿ ಬಿಯರನ್ನು ಮುಟ್ಟುವುದಿಲ್ಲ. ಮೂರು ಬೆರಳಷ್ಟು ನೊರೆಯಿರುವ ಈ ಮಗ್ಗಿಗೆ ಹ್ಲಾದಿಂಕಾ ಎಂದು ಹೆಸರು. ಬರೀ ನೊರೆಯನ್ನೇ ತುಂಬಿಸಿ ಒಂದೇ ಉಸಿರಿಗೆ ಕುಡಿಯುವ ಮ್ಲೀಕೊ ಎಂಬ ಬಗೆಯೂ ಇದೆ, ಆ ಪದಕ್ಕೆ ಹಾಲು ಎಂದೇ ಅರ್ಥ. ಮೂತಿ ಬಿಯರ್‌ನಲ್ಲಿ ಮುಳುಗುವ ಕಾರಣ ಈ ನಲ್ಲಿಯನ್ನು ಬಳಸಿದ ದಿನವೇ ತೊಳೆಯಬೇಕು, ಜಾಲರಿಯನ್ನು ಬಿಚ್ಚಿ ನೀರಿನಲ್ಲಿ ನೆನೆಹಾಕಬೇಕು. ಆ ಶಿಸ್ತು ಇಲ್ಲದವರು ಇದನ್ನು ಕೊಳ್ಳದಿರುವುದೇ ಒಳಿತು.

ಲೋಹ ಮತ್ತು ಜೋಡಣೆ

ಹಿತ್ತಾಳೆಗೆ ಕ್ರೋಮ್ ಲೇಪಿಸಿದ ನಲ್ಲಿ ಅಗ್ಗ, ಆದರೆ ಲೇಪನ ಒಳಗಡೆ ಸವೆದ ಮೇಲೆ ಹಿತ್ತಾಳೆ ಬಿಯರ್‌ಗೆ ತಾಗುತ್ತದೆ. ಬಿಯರ್ ಆಮ್ಲೀಯ ಪಾನೀಯ, ಹುಳಿ ಪದಾರ್ಥವನ್ನು ಕಲಾಯಿ ಹೋದ ಪಾತ್ರೆಯಲ್ಲಿಟ್ಟರೆ ಕಿಲುಬುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿಷಯ. ನಾಲಿಗೆಗೆ ನಾಣ್ಯ ತಾಗಿಸಿದಂಥ ರುಚಿ ಬರತೊಡಗಿದರೆ ನಲ್ಲಿಯ ಒಳಗೆ ಹಳದಿ ಕಾಣಿಸುತ್ತದೆಯೇ ನೋಡಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾದರೆ ಈ ಚಿಂತೆಯಿಲ್ಲ.

ಅಮೆರಿಕದ ನಲ್ಲಿಗಳೆಲ್ಲ ಬಹುಪಾಲು ಒಂದೇ ಅಳತೆಯ ಮರೆಯಲ್ಲಿ ಶ್ಯಾಂಕಿಗೆ ಸೇರುತ್ತವೆ, ಆದ್ದರಿಂದ ಬದಲಿಸುವುದು ಹತ್ತು ನಿಮಿಷದ ಕೆಲಸ. ಮೊದಲು ಅನಿಲದ ಸಿಲಿಂಡರ್ ಮುಚ್ಚಿ, ಕೆಗ್‌ನಿಂದ ಬಿಯರ್ ಕೊಳವೆಯನ್ನು ಕಳಚಿ, ನಲ್ಲಿ ತೆರೆದು ಉಳಿದ ಒತ್ತಡವನ್ನು ಬಿಟ್ಟುಬಿಡಿ. ನಲ್ಲಿಗೆಂದೇ ಸಿಗುವ ಸ್ಪ್ಯಾನರ್‌ನ ಮೊಳೆಯನ್ನು ಶ್ಯಾಂಕಿನ ಉಂಗುರದಲ್ಲಿರುವ ತೂತಿಗೆ ಸಿಕ್ಕಿಸಿ ತಿರುಗಿಸಬೇಕು. ಎಲ್ಲರೂ ಎಡವುವುದು ಇಲ್ಲಿ: ಆ ಉಂಗುರ ನಲ್ಲಿಯ ಹಿಂದಿನಿಂದ ಬಂದು ಬಿಗಿಯುವುದರಿಂದ, ಎದುರು ನಿಂತು ನೋಡುವವರಿಗೆ ದಿಕ್ಕು ತಿರುವುಮುರುವು. ಸಡಿಲಿಸುವುದಕ್ಕೆ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ತಿರುಗಿಸಬೇಕು. ಇದು ತಿಳಿಯದೆ ಬಲ ಹಾಕಿ ಮತ್ತಷ್ಟು ಬಿಗಿ ಮಾಡಿಕೊಂಡವರನ್ನು ಕಂಡಿದ್ದೇನೆ. ಹೊಸ ನಲ್ಲಿ ಕೂರಿಸುವಾಗ ಮೂತಿ ನೆಟ್ಟಗೆ ನೆಲಕ್ಕೆ ಮುಖ ಮಾಡಿದೆಯೇ ನೋಡಿ ಬಿಗಿ ಮಾಡಿ, ನಡುವಿನ ವಾಶರ್ ಮರೆಯಬೇಡಿ. ಕೊನೆಗೆ ಸಾಬೂನು ನೀರು ಹಚ್ಚಿ ಅನಿಲದ ಜೋಡಣೆಗಳಲ್ಲಿ ಗುಳ್ಳೆ ಬರುತ್ತದೆಯೇ ಪರೀಕ್ಷಿಸಿ. ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಸೋರಿ ತುಂಬಿಕೊಂಡರೆ ಪ್ರಾಣಕ್ಕೇ ಅಪಾಯ, ಇದರಲ್ಲಿ ಉದಾಸೀನ ಸಲ್ಲದು.

ಗ್ಲಾಸು ಹಿಡಿಯುವುದು

ಗ್ಲಾಸಿನಲ್ಲಿ ಎಣ್ಣೆಯ ಪಸೆ ಇರಬಾರದು, ಪಸೆ ನೊರೆಯನ್ನು ಕೊಲ್ಲುತ್ತದೆ. ತೊಳೆದ ಗ್ಲಾಸನ್ನು ನೀರಿನಲ್ಲಿ ಅದ್ದಿ ಎತ್ತಿದಾಗ ನೀರು ಒಂದೇ ಹಾಳೆಯಂತೆ ಇಳಿದರೆ ಶುದ್ಧವಿದೆ, ಹನಿಹನಿಯಾಗಿ ಒಡೆದು ನಿಂತರೆ ಮತ್ತೆ ತೊಳೆಯಬೇಕು. ಗ್ಲಾಸನ್ನು ಫ್ರೀಜರ್‌ನಲ್ಲಿ ಇಡುವ ಅಭ್ಯಾಸ ಬಿಡಿ, ಅದರ ಒಳಗೋಡೆಯ ಮೇಲೆ ಕೂರುವ ಮಂಜಿನ ಹರಳುಗಳು ನೊರೆಯೆಬ್ಬಿಸುತ್ತವೆ. ತಣ್ಣೀರಿನಲ್ಲಿ ಜಾಲಾಡಿ ಒದ್ದೆಯಾಗಿಯೇ ಬಳಸಿ.

ಗ್ಲಾಸನ್ನು 45 ಡಿಗ್ರಿಯಷ್ಟು ಓರೆ ಮಾಡಿ, ಮೂತಿಗೆ ತಾಗದಂತೆ ಆದರೆ ಹತ್ತಿರವಾಗಿ ಹಿಡಿದು, ಧಾರೆ ಗ್ಲಾಸಿನ ಪಕ್ಕದ ಗೋಡೆಗೆ ಬೀಳುವಂತೆ ನಲ್ಲಿ ತೆರೆಯಿರಿ. ಮೂರನೇ ಎರಡು ಭಾಗ ತುಂಬಿದಾಗ ಗ್ಲಾಸನ್ನು ನೆಟ್ಟಗೆ ಮಾಡುತ್ತ ಬನ್ನಿ, ಕೊನೆಯ ಭಾಗದಲ್ಲಿ ಧಾರೆ ನಟ್ಟನಡುವೆ ಬೀಳಲಿ. ಒಂದು ಅಂಗುಲದಷ್ಟು ನೊರೆ ಏಳಬೇಕು. ನೊರೆಯೇ ಇಲ್ಲದೆ ಅಂಚಿನವರೆಗೆ ತುಂಬಿದ ಗ್ಲಾಸು ಲಾಭವೆಂದು ತೋರಬಹುದು, ಆದರೆ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಪರಿಮಳವನ್ನು ಮೂಗಿಗೆ ತಲುಪಿಸುವುದು ಆ ನೊರೆ, ಬಿಡುಗಡೆಯಾಗದ ಅನಿಲ ಹೊಟ್ಟೆಯಲ್ಲಿ ಉಬ್ಬರವಾಗುತ್ತದೆ. ಚೆಕ್ ನಲ್ಲಿಯನ್ನು ಬಿಟ್ಟರೆ ಬೇರಾವ ನಲ್ಲಿಯ ಮೂತಿಯನ್ನೂ ಬಿಯರ್‌ನಲ್ಲಿ ಮುಳುಗಿಸಬಾರದು. ಹಿಂದೆ ಮುಚ್ಚುವ ನಲ್ಲಿಯಲ್ಲಂತೂ ಮೂತಿ ಮುಳುಗಿದರೆ ಬಿಯರ್ ಒಡಲೊಳಗೆ ಏರಿ ಅಲ್ಲೇ ಒಣಗುತ್ತದೆ.

ಬಿಚ್ಚಿ ತೊಳೆಯುವುದು

ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಬಾರ್‌ಗಳಿಗೆ ಹೇಳುವ ಅವಧಿ ಎರಡು ವಾರ: ಎರಡು ವಾರಕ್ಕೊಮ್ಮೆ ಕ್ಷಾರದ ದ್ರಾವಣದಿಂದ ಲೈನ್ ತೊಳೆಯಬೇಕು, ನಲ್ಲಿಯನ್ನು ಬಿಚ್ಚಿ ಕೈಯಿಂದ ಉಜ್ಜಬೇಕು, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ಗರಣೆ ತೆಗೆಯಬೇಕು. ಮನೆಯಲ್ಲಿ ಪ್ರತಿ ಕೆಗ್ ಖಾಲಿಯಾದಾಗ ಲೈನ್ ತೊಳೆದರೂ ಸಾಕೆಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, 19 ಲೀಟರ್ ಕೆಗ್ ಮನೆಯಲ್ಲಿ ಎರಡು ತಿಂಗಳು ಬಂದರೂ ಬಂದೀತು. ಲೈನ್ ಬಿಡಿ, ನಲ್ಲಿಯನ್ನಾದರೂ ಎರಡು ವಾರಕ್ಕೊಮ್ಮೆ ಬಿಚ್ಚಲೇಬೇಕು.

ಬಿಚ್ಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ: ಹಿಡಿ, ಅದರ ಕೊರಳಪಟ್ಟಿ, ಕೀಲಿನ ವಾಶರ್, ಹಿಡಿಯ ಕೆಳತುದಿ, ಹಿಂದೆ ಮುಚ್ಚುವ ನಲ್ಲಿಯಾದರೆ ಕಡ್ಡಿ ಮತ್ತು ಪೀಠದ ವಾಶರ್. ಜೋಡಿಸುವಾಗ ಒಂದು ವಾಶರ್ ಕೈಯಲ್ಲಿ ಉಳಿದರೆ ಏನಾಗುತ್ತದೆಂಬುದನ್ನು ಅನುಭವಿಸಿಯೇ ಕಲಿಯಬೇಕಾಗಿಲ್ಲ. ಬಿಯರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ಷಾರದ ಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ಕಲಸಿ, ಕಾಲು ಗಂಟೆ ನೆನೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ. ತಂತಿಯ ಬ್ರಷ್ ಲೇಪನವನ್ನು ಗೀರುತ್ತದೆ. ಕೈಗವಸು ಹಾಕಿಕೊಳ್ಳಿ, ಕ್ಷಾರವನ್ನೂ ಆಮ್ಲವನ್ನೂ ಎಂದೂ ಒಟ್ಟಿಗೆ ಬೆರೆಸಬೇಡಿ. ರಬ್ಬರ್ ಉಂಗುರಗಳನ್ನು ಬೆರಳ ನಡುವೆ ಹಿಗ್ಗಿಸಿ ಸೀಳಿದೆಯೇ ನೋಡಿ. ಸೀಳಿದ್ದರೆ ಹೊಸದು ಹಾಕಿ, ಚೆನ್ನಾಗಿದ್ದರೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಷ್ಟು ಸವರಿ. ಮೂಗಿಗೆ ಬೆಣ್ಣೆಯ ವಾಸನೆ ಬಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿರಬಹುದು, ಆಗ ನಲ್ಲಿಯ ಜೊತೆಗೆ ಕೊಳವೆಯನ್ನೂ ಬದಲಿಸಿ, ವಿನೈಲ್ ಕೊಳವೆಗೆ ದೊಡ್ಡ ಬೆಲೆಯೇನಿಲ್ಲ.

ಎಲ್ಲವನ್ನೂ ತಿರುಗಿ ಜೋಡಿಸಿ, ಒಂದು ಜಗ್ಗು ಶುದ್ಧ ನೀರು ಹಾಯಿಸಿ, ಆಮೇಲೆ ಬಿಯರ್ ಕೊಳವೆಯನ್ನು ಕೆಗ್ಗಿಗೆ ಸಿಕ್ಕಿಸಿ ಅನಿಲ ತೆರೆಯಿರಿ. ಮೂತಿಯ ಕೆಳಗೆ ಒಣ ಕಾಗದವೊಂದನ್ನು ಐದು ನಿಮಿಷ ಇಟ್ಟು ನೋಡಿ, ಹನಿಯ ಗುರುತು ಬಿದ್ದಿದ್ದರೆ ಪೀಠದ ವಾಶರ್ ಓರೆಯಾಗಿ ಕೂತಿದೆ, ಮತ್ತೆ ಬಿಚ್ಚಬೇಕು. ಹನಿಯಿಲ್ಲದಿದ್ದರೆ ಮೂತಿಯನ್ನು ಒರೆಸಿ ರಬ್ಬರ್ ಬಿರಡೆ ಹಾಕಿ. ಮಾರನೆಯ ದಿನ ಬಿರಡೆ ತೆಗೆದು ಹಿಡಿಯನ್ನು ಎಳೆದಾಗ ಅದು ಒಂದೇ ಬೆರಳಿಗೆ ಸಲೀಸಾಗಿ ಬಗ್ಗಬೇಕು.